ಅಮ್ಮನ ಹೆಸರಲ್ಲಿದ್ದ ಮನೆ

...ಬೀಗ ಬದಲಾಯಿಸಿಬಿಟ್ಟಿದಾನೆ ಅಂದೆ! ಕೇಳಿಸ್ತಾ? ನನ್ನ ತಮ್ಮ, ನಾನು ಬೆನ್ನ ಮೇಲೆ ಹೊತ್ತು ಬೆಳೆಸಿದ ಕಿಯಾನ್, ನಮ್ಮಮ್ಮನ ಮನೆಗೆ ಹೊಸ ಬೀಗ ಹಾಕಿಸಿದಾನೆ. ಇಲ್ಲ ಇಲ್ಲ, ಏಳ್ಬೇಡ, ಕಾಫಿಗೆ ನಾನೇ ಹೇಳಿದೀನಿ. ಹಾಲಿಲ್ಲದ್ದು, ಸಕ್ಕರೆ ಕಮ್ಮಿ. ಸರಿ ತಾನೇ? ಗಂಡನ್ನ ಬಿಟ್ಟು ಇಪ್ಪತ್ತೆಂಟು ವರ್ಷ ಆಯ್ತು ಬೂನ್ ಸೆಂಗ್, ಗಂಡನ ಕಾಫಿ ಮರೆಯಕ್ಕಾಗಲಿಲ್ಲ ನೋಡು... ಯಾಕೆ ನಗ್ತೀಯ? ನಗಬೇಡ. ನಿನ್ನ ನಗಿಸೋಕೆ ನಾನು ಎರಡು ಬಸ್ಸು ಬದಲಾಯಿಸಿ ಬುಕಿತ್ ಮೇರಾಗೆ ಬಂದಿಲ್ಲ.

ಕೇಳು. ಅಮ್ಮ ಹೋಗಿ ವರ್ಷ ತುಂಬಿದ ದಿನ. ಬೆಳಗ್ಗೆ ಎದ್ದು ಇಡೀ ಕೋಳಿ ಬೇಯಿಸಿದೆ, ಕತ್ತು ಸಮೇತ. ಗುಲಾಬಿ ಬಣ್ಣದ ಅಕ್ಕಿ ಕಡುಬು ಮಾಡ್ದೆ, ಅಮ್ಮನಿಗಿಷ್ಟ ಅಂತ. ಎಲ್ಲ ತಟ್ಟೆಲಿಟ್ಕೊಂಡು ಬೆಡೋಕ್‌ಗೆ, ಅಮ್ಮನ ಮನೆಗೆ ಹೋದೆ. ನಾಲ್ಕನೇ ಮಹಡಿ. ಬೀಗದ ಕೈ ಹಾಕ್ದೆ. ತಿರುಗಲಿಲ್ಲ. ಉಲ್ಟಾ ಹಾಕ್ದೆ. ತಿರುಗಲಿಲ್ಲ. ಪಕ್ಕದ ಮನೆ ಮುದುಕಿ ಒಗೆದ ಬಟ್ಟೆ ಹಿಡ್ಕೊಂಡು ನಿಂತು ನೋಡ್ತಾ ಇದಾಳೆ, ನಾನು ಕಳ್ಳಿ ಅನ್ನೋ ಹಾಗೆ! ಆಮೇಲೆ ಅವಳು ಬಂದ್ಲು, ಕಿಯಾನ್ ಹೆಂಡ್ತಿ, ಆ ಮೇ ಫಾಂಗ್. ಮುಖಕ್ಕೆ ಅದೇನೋ ಬಿಳೀ ಲೇಪ ಬಳ್ಕೊಂಡು, ದೆವ್ವದ ಥರ. ಜಾಲರಿ ಬಾಗಿಲು ತೆಗೀಲಿಲ್ಲ. ಒಳಗೇ ನಿಂತು ಹೇಳ್ತಾಳೆ, "ಅತ್ತಿಗೆ, ಬರೋ ಮುಂಚೆ ಒಂದು ಫೋನ್ ಮಾಡ್ಬಾರ್ದಿತ್ತಾ?"

ಫೋನು! ನಮ್ಮಮ್ಮನ ಪೂಜೆಗೆ ನಾನು ಇವಳ ಅಪ್ಪಣೆ ತಗೋಬೇಕು!

"ಬಾಗಿಲು ತೆಗಿ" ಅಂದೆ. "ಅವರು ಮನೇಲಿಲ್ಲ" ಅಂದ್ಲು. "ನಿನ್ನ ಗಂಡನ್ನ ಕೇಳಲಿಲ್ಲ, ಬಾಗಿಲು ತೆಗಿ ಅಂದೆ" ಅಂದೆ. ಮೂತಿ ತಿರುಗಿಸ್ಕೊಂಡು ಒಳಗೆ ಹೋಗಿ ಟಿವಿ ಜೋರು ಮಾಡಿದ್ಲು. ತಟ್ಟೆ ಜಾಲರಿ ಸಂದೀಲಿ ತೂರಲ್ಲ. ಏನ್ಮಾಡ್ಲಿ? ಹೊರಗಡೆ ಅವರ ಚಪ್ಪಲಿ ಸ್ಟ್ಯಾಂಡ್ ಇತ್ತು, ಅದರ ಮೇಲೆ ಕೋಳಿ ಇಟ್ಟು ಅಮ್ಮನಿಗೆ ಕೈ ಮುಗಿದೆ. ಚಪ್ಪಲಿ ಸ್ಟ್ಯಾಂಡ್ ಮೇಲೆ, ಬೂನ್ ಸೆಂಗ್! ಹಂದಿ ಕೊಟ್ಟಿಗೆ ಗುಡಿಸಿ ನಮ್ಮನ್ನ ಸಾಕಿದ ಹೆಂಗಸಿಗೆ ವರ್ಷದ ಊಟ ಚಪ್ಪಲಿ ಸ್ಟ್ಯಾಂಡ್ ಮೇಲೆ!

ಸಾಯಂಕಾಲ ಅವನೇ ಫೋನ್ ಮಾಡ್ದ. "ಅಕ್ಕ, ಗಲಾಟೆ ಮಾಡ್ಬೇಡ. ಮನೆ ನನ್ನ ಹೆಸರಲ್ಲಿದೆ." ಹೆಸರಂತೆ ಹೆಸರು! ಅಮ್ಮನಿಗೆ ಮೊಣಕಾಲು ಹೋದ ವರ್ಷ, "ನೋಡ್ಕೊಳ್ತೀನಮ್ಮ, ನೋಡ್ಕೊಳ್ತೀನಿ" ಅಂತ ಬಂದು ಸೇರ್ಕೊಂಡ. ಹೌಸಿಂಗ್ ಬೋರ್ಡ್ ಕಚೇರಿಗೆ ಕರ್ಕೊಂಡು ಹೋಗಿ ಅಮ್ಮನ ಹೆಸರಿನ ಪಕ್ಕ ತನ್ನ ಹೆಸರು ಹಾಕಿಸ್ಕೊಂಡ. ಇಬ್ಬರಲ್ಲಿ ಒಬ್ಬರು ಹೋದ್ರೆ ಉಳಿದೋರಿಗೆ ಇಡೀ ಮನೆ. ಎಷ್ಟು ಸುಲಭ! ನೋಡ್ಕೊಂಡಿದ್ದೂ ಗೊತ್ತು ನನಗೆ. ಅಮ್ಮನ ಡಯಪರ್ ಬದಲಾಯಿಸಿದ್ದು ಯಾರು? ನಾನು. ಭಾನುವಾರ ಭಾನುವಾರ ಗಂಜಿ, ಉಪ್ಪುಮೀನು ಒಯ್ದಿದ್ದು ಯಾರು? ನಾನು. ಅವನು ಟ್ಯಾಕ್ಸಿ ಓಡಿಸ್ಕೊಂಡು ಬಂದು, ಅದೇ ಗಂಜಿ ಉಂಡು, ಸೋಫಾದ ಮೇಲೆ ಬಿದ್ಕೊಂಡು ಆ ಮನೆ ಎಷ್ಟಕ್ಕೆ ಹೋಗುತ್ತೆ ಅಂತ ಫೋನಲ್ಲಿ ನೋಡ್ತಿದ್ದ. ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ ಅಲ್ವಾ?

ಅಂತ್ಯಕ್ರಿಯೆಗೆ ನೀನು ಬಂದಿದ್ಯಲ್ಲ, ಹಿಂದಿನ ಸಾಲಲ್ಲಿ ಕೂತಿದ್ದೆ, ನೋಡ್ದೆ. ಅಮ್ಮನಿಗೆ ಪರಲೋಕದಲ್ಲಿರಲಿ ಅಂತ ಕಾಗದದ ಮನೆ ಸುಟ್ಟನಲ್ಲ, ನೆನಪಿದೆಯಾ? ಮೂರಂತಸ್ತು! ಕಾರು, ಇಬ್ಬರು ಕಾಗದದ ಕೆಲಸದೋರು, ನಾಯಿ ಬೇರೆ. ಬದುಕಿದ್ದಾಗ ಒಂದು ಫ್ಯಾನ್ ಹಾಕಿಸಿಕೊಡದ ಮಗ! ಅದರ ಬಾಗಿಲ ಮೇಲೂ ತನ್ನ ಹೆಸರು ಬರೆಸಿದಾನೇನೋ ಅಂತ ನಾನು ಬಗ್ಗಿ ನೋಡ್ದೆ... ಹಾಂ, ಈಗ ನಗು. ಇದಕ್ಕೆ ನಗಬಹುದು.

ಕಾಫಿ ಬಂತು. ಕುಡಿ.

ಈಗ ವಿಷಯಕ್ಕೆ ಬರ್ತೀನಿ. ಆ ಮನೆ ಅವನದಲ್ಲ. ಅಮ್ಮನದೂ ಅಲ್ಲ. ನಂದು. ಎಂಬತ್ನಾಲ್ಕರಲ್ಲಿ ಸರ್ಕಾರದೋರು ನಮ್ಮ ಹಳ್ಳಿ ಕೆಡವಿದ್ರಲ್ಲ, ಅಮ್ಮ ಇದ್ದಿದ್ದು ಯಾರದೋ ಬಾಡಿಗೆ ಗುಡಿಸಲು, ಅವಳಿಗೆ ಪರಿಹಾರ ಅಂತ ಬಿಡಿಗಾಸು ಸಿಗಲಿಲ್ಲ. ಬೋರ್ಡಿಂದ ಮನೆ ಸಿಕ್ತು, ಆದ್ರೆ ಅದರ ಹಣ ಕಟ್ಟೋರ್ಯಾರು? ನಮ್ಮ ಹೆಸರಲ್ಲಿ ತಗೊಳ್ಳೋ ಹಾಗಿಲ್ಲ, ನಮಗಿಬ್ಬರಿಗೆ ಆಗಲೇ ಕ್ವೀನ್ಸ್‌ಟೌನಲ್ಲಿ ಒಂದು ಬೋರ್ಡ್ ಮನೆ ಇತ್ತು. ಒಂದು ಸಂಸಾರಕ್ಕೆ ಒಂದೇ ಮನೆ, ಕಾನೂನು. ಅದಕ್ಕೇ ಅಮ್ಮನ ಹೆಸರಲ್ಲಿ ತಗೊಂಡಿದ್ದು. ಹೆಸರು ಅವಳದು, ಹಣ ನಂದು. ಕಾರ್ಖಾನೇಲಿ ಶರಟಿನ ಕಾಲರು ಹೊಲಿದು ಹೊಲಿದು ಕಂತು ಕಟ್ಟಿದೆ. ತಿಂಗಳಾ ತಿಂಗಳಾ ಅಮ್ಮ ನನ್ನ ಕೈಯಿಂದ ಇಸ್ಕೊಂಡು ಹೋಗಿ ಕೌಂಟರಲ್ಲಿ ಕಟ್ಟಿ ಬರೋಳು. ರಸೀದಿಯೆಲ್ಲ ಅವಳ ಹೆಸರಲ್ಲೇ, ಇನ್ನೇನು ಮತ್ತೆ? "ಇದು ನಿಂದೇ ಕಣೇ ಸ್ವೀ ಖಿಮ್, ನಾನು ಬರೀ ಕಾವಲುಗಾರ್ತಿ" ಅಂತ ಅಮ್ಮ ನನ್ನ ಮುಂದೆ ಎಷ್ಟು ಸಲ ಹೇಳಿದಾಳೆ!

ಏನು? ಮುಂಗಡನಾ? ಮುಂಗಡನೂ... ಎಲ್ಲಾ ಸೇರಿಸಿಯೇ ಹೇಳ್ತಿದೀನಿ. ಅದೆಲ್ಲ ನಲವತ್ತು ವರ್ಷದ ಹಿಂದಿನ ಮಾತು, ಅದನ್ನೇನು ಕೆದಕೋದು ಈಗ?

ವಕೀಲೆ ಒಬ್ಬಳನ್ನ ಹಿಡಿದಿದೀನಿ. ಮಗಳು ಹುಯಿ ಮಿನ್‌ಗಿಂತ ಚಿಕ್ಕೋಳು. ಮಾತಾಡಿದ್ರೆ ಕತ್ತರಿ ಆಡಿಸಿದ ಹಾಗೆ. ಒಬ್ಬರ ಹೆಸರಲ್ಲಿದ್ರೂ ಇನ್ನೊಬ್ಬರಿಗೋಸ್ಕರ ನಂಬಿಕೆ ಮೇಲೆ ಇಟ್ಕೊಂಡಿದ್ರೆ ಅದಕ್ಕೆ ಟ್ರಸ್ಟ್ ಅಂತಾರಂತೆ. "ಆದ್ರೆ ಆಂಟಿ, ಬೋರ್ಡ್ ಮನೆಗಳ ಮೇಲೆ ಹಾಗೆಲ್ಲ ಟ್ರಸ್ಟ್ ಮಾಡೋ ಹಾಗಿಲ್ಲ. ತುಂಬ ಕಷ್ಟದ ಕೇಸು" ಅಂದ್ಲು. "ಕಷ್ಟ ಅಂತ ಹೇಳಿಸ್ಕೊಳ್ಳೋಕೆ ನಿನಗೆ ಫೀಸ್ ಕೊಡ್ಬೇಕಾ?" ಅಂದೆ. ಬಿಡಲಿಲ್ಲ ನಾನು. ಕೊನೆಗೆ ಅವಳೇ ಅಂದ್ಲು, ಹಣ ಹಾಕಿದ್ದು ಯಾರು ಅಂತ ಗಟ್ಟಿ ಸಾಕ್ಷಿ ಇದ್ರೆ, ಒಂದು ಕೈ ನೋಡಬಹುದು. ಆಮೇಲೆ ಕನ್ನಡಕ ಏರಿಸ್ಕೊಂಡು ಕೇಳಿದ್ಲು, "ಈ ಹಿಂದೆ ಎಲ್ಲಾದ್ರೂ, ಯಾವ ಕಚೇರಿಲಾದ್ರೂ, ಇದಕ್ಕೆ ವಿರುದ್ಧವಾಗಿ ಏನಾದ್ರೂ ಹೇಳಿದೀರಾ ಆಂಟಿ? ನೆನಪು ಮಾಡ್ಕೊಳ್ಳಿ." ಇಲ್ಲಮ್ಮ ಅಂದೆ. ಎಲ್ಲೂ ಇಲ್ಲ ಅಂದೆ.

...ಯಾಕೆ ಹಾಗೆ ನೋಡ್ತೀಯ? ಕಾಫಿ ಆರಿಹೋಗ್ತಿದೆ, ಕುಡಿ. ಛೀ, ಈ ಮೈನಾಗಳು! ಪಕ್ಕದ ತಟ್ಟೆ ಅನ್ನಕ್ಕೆ ಮನುಷ್ಯರ ಥರಾನೇ ಕಿತ್ತಾಡ್ತವೆ. ಹುಶ್!

ಗಟ್ಟಿ ಸಾಕ್ಷಿ ಅಂದ್ರೆ ಇನ್ಯಾರು ಹೇಳು. ಅಮ್ಮ ಇಲ್ಲ. ಹೊಲಿಗೆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲ ಆಯ್ತು, ಈಗಲ್ಲಿ ಕೂದಲು ಕತ್ತರಿಸ್ತಾರೆ. ಆಗಿನದಕ್ಕೆಲ್ಲ ಉಸಿರಾಡ್ತಿರೋ ಸಾಕ್ಷಿ ನೀನೊಬ್ಬನೇ. ಅದೂ ನಮ್ಮ ಕರ್ಮ ನೋಡು, ಲೋಕದಲ್ಲಿ ಇಷ್ಟು ಜನ ಬಾಯಾಡಿಸೋರು ಇದಾರೆ, ನನ್ನ ಪಾಲಿಗೆ ಬಂದ ಸಾಕ್ಷಿ ಮೂಕಬಸವ! ಹದಿನೇಳು ವರ್ಷ ಸಂಸಾರ ಮಾಡ್ದೆ ನಿನ್ನ ಜೊತೆ. ಬೀರು ಜೊತೆ ಮಾಡಿದ ಹಾಗಿತ್ತು. ಬೀರುನಾದ್ರೂ ಬಾಗಿಲು ತೆಗೆದಾಗ ಕಿರ್ ಅನ್ನುತ್ತೆ! ಅದಕ್ಕೇ ಬಿಟ್ಟಿದ್ದು ನಿನ್ನ, ತಿಳ್ಕೋ. ಕುಡುಕ ಅಂತಲ್ಲ, ಜೂಜುಕೋರ ಅಂತಲ್ಲ. ಬೈದ್ರೆ ಬೈಸ್ಕೊಳ್ಳೋನ ಜೊತೆ ಜಗಳ ಆಡೋದಾದ್ರೂ ಹೇಗೆ?

ಸರಿ. ಅದು ಮುಗಿದ ಕಥೆ. ನಿನಗೂ ಏನೂ ಕಮ್ಮಿಯಾಗಿಲ್ಲವಲ್ಲ, ಇಲ್ಲೇ ಮೇಲೆ ಒಂಟಿಕೋಣೆ ಬಾಡಿಗೆ ಮನೆ, ಕೆಳಗೆ ಕಾಫಿ ಅಂಗಡಿ, ಚದುರಂಗ ಆಡೋಕೆ ನಿನ್ನಂಥವೇ ನಾಲ್ಕು ಮುದುಕರು. ರಾಜನ ಹಾಗಿದೀಯ. ನನ್ನ ಗತಿ ನೋಡು! ಮಗಳ ಮನೆ ಹಜಾರದಲ್ಲಿ ಮಡಚೋ ಹಾಸಿಗೆ. ಬೆಳಗ್ಗೆ ಅಳಿಯ ಏಳೋ ಮುಂಚೆ ಮಡಚಿ ಸೋಫಾ ಹಿಂದೆ ತುರುಕ್ಬೇಕು. ಅವನು ಒಳ್ಳೆಯವನೇ, ಏನೂ ಅನ್ನಲ್ಲ. ಅನ್ನದೇ ಇರೋದೇ ಹಿಂಸೆ. ಅರವತ್ತೇಳು ವರ್ಷಕ್ಕೆ ನನಗೊಂದು ಬಾಗಿಲು ಬೇಡ್ವಾ, ಬೂನ್ ಸೆಂಗ್? ಒಳಗಿಂದ ಚಿಲಕ ಹಾಕ್ಕೊಳ್ಳೋಕೆ ಒಂದೇ ಒಂದು ಬಾಗಿಲು? ಅದು ಇದೆ. ಬೆಡೋಕ್‌ನಲ್ಲಿ ಇದೆ. ಅದರ ಬೀಗ ಬದಲಾಯಿಸಿದಾರೆ.

ತಗೋ. ಇದೇ ಕಾಗದ. ಇಂಗ್ಲಿಷಲ್ಲಿದೆ, ವಕೀಲೆ ನನಗೆ ಬಿಡಿಸಿ ಹೇಳಿದಾಳೆ, ಹೇಳ್ತೀನಿ ಕೇಳು. "ಚುವಾ ಬೂನ್ ಸೆಂಗ್ ಎಂಬ ನಾನು ತಿಳಿಸೋದೇನಂದ್ರೆ, ಸದರಿ ಮನೆಯ ಮುಂಗಡದಿಂದ ಹಿಡಿದು ಕೊನೆಯ ಕಂತಿನವರೆಗೆ ನನ್ನ ಮಾಜಿ ಹೆಂಡತಿ ಸ್ವೀ ಖಿಮ್ ಒಬ್ಬಳೇ..." ಒಬ್ಬಳೇ ಅನ್ನೋದು ವಕೀಲೆ ಹಾಕಿದ್ದು. ಕೇಸು ಗಟ್ಟಿಯಾಗಲಿ ಅಂತ. ನೀನೇನೂ ಕೋರ್ಟಿಗೆ ಬಂದು ಭಾಷಣ ಮಾಡ್ಬೇಕಾಗಿಲ್ಲ. ಕೆಳಗೆ ಒಂದು ಸಹಿ. ಅಷ್ಟೇ.

ಹೂಂ ಅನ್ನು. ಉಹೂಂ ಅನ್ನು. ಏನಾದ್ರೂ ಅನ್ನು! ಕಿಯಾನ್ ಬಂದಿದ್ನಾ ನಿನ್ನ ಹತ್ರ? ಕಿತ್ತಳೆ ಹಣ್ಣು ತಂದ್ಕೊಟ್ಟು "ಭಾವ, ಭಾವ" ಅಂತ ಹಲ್ಲು ಗಿಂಜಿದ್ನಾ? ...ಇಲ್ವಾ. ಅವನಿಗೆ ನೀನು ಬದುಕಿರೋದೇ ಮರೆತಿರುತ್ತೆ.

ಏನು ಬೇಕು? ಪೆನ್ನಾ? ಇದೆ, ಇದೆ, ಇರು... ತಗೋ. ನೋಡ್ದ್ಯಾ, ಸುಮ್ಮನೆ ನನ್ನ ಗಂಟಲು ಹರಿಸ್ದೆ. ಇಲ್ಲಿ. ಗೆರೆ ಮೇಲೆ. ಒಂದ್ಸಲ ನೋಡಲ್ವಾ ಕಾಗದನ? ಏನೂ ಕೇಳಲ್ವಾ? ಹೋಗ್ಲಿ ಬಿಡು. ಹಾಕು.

ನಿಧಾನ. ಅಯ್ಯೋ, ಬಿತ್ತು. ಹಾಗೆ ಹಿಡಿದ್ರೆ ಜಾರದೆ ಇನ್ನೇನು, ಸರಿಯಾಗಿ ಬೆರಳಲ್ಲಿ...

ಬೆರಳಲ್ಲಿ.

...ಹೂಂ. ಗೊತ್ತು. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು. ಅದರಲ್ಲೇ ಹಿಡೀಬೇಕು. ಗೊತ್ತು ನನಗೆ. ಹಾಗೆ ನೋಡಬೇಡ ನನ್ನ. ನಾನೇನು ಮರೆತಿದೀನಿ ಅಂದ್ಕೊಂಡ್ಯಾ? ಹೊಸವರ್ಷಕ್ಕೆ ಹನ್ನೊಂದು ದಿನ ಇತ್ತು. ನೀನು ಕೆಲಸಕ್ಕಿದ್ದ ಹಡಗುಕಟ್ಟೆಯೋರು ಫೋನ್ ಮಾಡಿದಾಗ ಕಾರ್ಖಾನೆಯಿಂದ ಓಡಿದ್ದೆ, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ತಗಡು ಬಗ್ಗಿಸೋ ಯಂತ್ರ... ಎರಡು ಬೆರಳಿಗೆ ಪರಿಹಾರ ಅಂತ ಒಂದು ಲಕೋಟೆ ಕೊಟ್ರು. ಬ್ಯಾಂಡೇಜು ಕೈಲಿ ಬಿಚ್ಚೋಕೂ ಆಗಲಿಲ್ಲ ನಿನಗೆ. ಬಿಚ್ಚದೇ ಅಮ್ಮನ ಮಡಿಲಲ್ಲಿಟ್ಟೆ. "ಅತ್ತೆ, ಮುಂಗಡ ಕಟ್ಟಿ." ಮೂರೇ ಮಾತು.

ಕೋರ್ಟಲ್ಲಿ ಕೇಳಿದ್ರಲ್ಲ, ವಿಚ್ಛೇದನದ ದಿನ. ಹೆಂಡತಿಯ ತಾಯಿ ಮನೆಗೆ ನೀವಿಬ್ಬರೂ ಹಣ ಹಾಕಿದೀರಾ, ಹಾಕಿದ್ರೆ ಅದೂ ಪಾಲಿನ ಲೆಕ್ಕಕ್ಕೆ ಬರುತ್ತೆ ಅಂತ. ನಾನು ಎದ್ದು ನಿಂತು ಪ್ರಮಾಣ ಮಾಡಿ ಹೇಳ್ದೆ, ನನ್ನದೊಂದು ಕಾಸಿಲ್ಲ, ಅವರದೊಂದು ಕಾಸಿಲ್ಲ, ಎಲ್ಲಾ ನಮ್ಮಮ್ಮನ ದುಡಿಮೆ. ನಿನ್ನ ಕಡೆ ತಿರುಗಿದ್ರು. ನೀನು ಆ ಕೈನ ಪ್ಯಾಂಟಿನ ಜೇಬಲ್ಲಿಟ್ಕೊಂಡು ನಿಂತಿದ್ದೆ. ಬಾಯಿ ಬಿಡೋದೂ ಬೇಕಿರಲಿಲ್ಲ ಬೂನ್ ಸೆಂಗ್, ಜೇಬಿಂದ ಕೈ ತೆಗೆದಿದ್ರೆ ಸಾಕಿತ್ತು! ತೆಗೀಲಿಲ್ಲ ನೀನು. ನಾನು ಗೆದ್ದೆ ಅಂದ್ಕೊಂಡು ಮೆಟ್ಟಲು ಇಳಿದೆ. ಪೆದ್ದ ಅಂದ್ಕೊಂಡೆ ನಿನ್ನ. ಎಲ್ಲರ ಹತ್ರ ಹೇಳ್ಕೊಂಡು ನಕ್ಕೆ...

ಏನಾದ್ರೂ ಹೇಳೋ. ಒಂದು ಸಲ ಬೈಯೋ.

ಏಯ್... ಏನ್ಮಾಡ್ತಿದೀಯ? ಬರೀತಾನೇ ಇದೀಯಾ? ಇಷ್ಟು ಕೇಳಿದ ಮೇಲೂ ಬರೀತಾ ಇದೀಯಾ?

ನಿಲ್ಲಿಸು. ಹಾಕ್ಬೇಡ ಸಹಿ. ಕೈ ತೆಗಿ ಕಾಗದದ ಮೇಲಿಂದ... ಬೂನ್ ಸೆಂಗ್, ಕೊಡು ಆ ಪೆನ್ನು.

ಕೊಡು ಅಂದ್ನಲ್ಲ.