ಕಿತ್ತಳೆ ಕವರಿನ ಎಣ್ಣೆ ಗುರುತು

ಒಂದೂರಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡ. ಕಾರ್ಯವೆಲ್ಲ ಮುಗಿದು ನೆಂಟರು ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಲೀಟರ್ ಇಟ್ಟುಹೋದ. ನೋಡಿ, ಇನ್ನು ಅರ್ಧ ಸಾಕು ಅಂತ ಅವನಿಗೆ ಹೇಳುವುದನ್ನೇ ಎಲ್ಲರೂ ಮರೆತಿದ್ದರು.

ಹಾಲು ಕಾಯಿಸಿಟ್ಟು ಅವಳು ಗಂಡನ ಕುರ್ಚಿಯ ಮುಂದೆ ನಿಂತಳು. ಕುರ್ಚಿಯಲ್ಲಿ ಒಂದು ಕುಶನ್. ಕಡುಕಿತ್ತಳೆ ಕವರು, ಅದರ ತುಂಬ ತಟ್ಟೆಯಗಲದ ಕಂದು ವೃತ್ತಗಳು. ಐವತ್ತು ವರ್ಷ ಹಿಂದಿನ ಫ್ಯಾಷನ್ನು. ಅದು ಇವರದಲ್ಲ. ಕಾಯಿಲೆ ಬಿದ್ದಾಗ ತಲೆ ಆನಿಸಲು ಅವನೇ ಎದುರುಮನೆ ಅಜ್ಜಿಯನ್ನು ಕೇಳಿ ತಂದದ್ದು. ನಡುವೆ ಅವನ ತಲೆಯೆಣ್ಣೆಯ ಗುರುತು ಕೂತಿತ್ತು. ಹಿಂದಿರುಗಿಸಬೇಕು. ಹಿಂದಿರುಗಿಸುವ ಮೊದಲು ಒಗೆಯಬೇಕು. ಒಗೆದರೆ ಏನು ಉಳಿಯುತ್ತದೆ? ನೀವೇ ಹೇಳಿ, ಏನು ಉಳಿಯುತ್ತದೆ?

ಇದು ನನಗಿರಲಿ, ಹೊಸದು ತಂದುಕೊಡುತ್ತೇನೆ ಎಂದು ಹೇಳಲು ಅವಳು ಎದುರುಮನೆಗೆ ಹೋದಳು. ಒಳಗೆ ಅಜ್ಜಿಯ ನಾದಿನಿಯ ದನಿ ಕೇಳಿ ಬಾಗಿಲಲ್ಲೇ ನಿಂತಳು.

“ಅತ್ತಿಗೆ, ಸೋಫಾ ಮೇಲೆ ಮೂರೇ ಇದಾವಲ್ಲ! ನಾಲ್ಕನೇದು ಎಲ್ಲೋಯ್ತು? ನಮ್ಮಣ್ಣ ಮೊದಲ ಸಂಬಳದಲ್ಲಿ ತಂದ ಬಟ್ಟೆ ಅಂತ ನಮ್ಮನ್ನ ಒರಗೋಕೂ ಬಿಡ್ತಿರಲಿಲ್ಲ ನೀವು!”

“ಒಗೆಯೋಕೆ ಹಾಕಿದೀನಿ ಕಣೇ. ನಿನ್ನ ಸೊಂಟಕ್ಕೆ ಮೂರು ಸಾಲದೇನೇ?”

ಅಜ್ಜಿಯ ಗಂಡ ಹೋಗಿ ಎಷ್ಟೋ ವರ್ಷ. ಅವನು ತಂದದ್ದನ್ನು ಆಕೆ ಇವಳ ಗಂಡನ ತಲೆಯಡಿಗೆ ಕೊಟ್ಟಿದ್ದಳು. ಕೊಟ್ಟೆ ಅಂತ ಬಾಯಿ ಕೂಡ ಬಿಡಲಿಲ್ಲ.

ಇವಳು ಸದ್ದಿಲ್ಲದೆ ಮನೆಗೆ ಬಂದಳು. ಕವರು ಬಿಚ್ಚಿದಳು. ಒಮ್ಮೆ ಮೂಸಿದಳು. ಸೋಪು ಹಚ್ಚಿದಳು. ಹದಿಮೂರು ದಿನ ಬಾರದ ಅಳು ಆಗ ಬಂತು.

ಸಂಜೆ ಇಸ್ತ್ರಿ ಮಾಡಿ, ಕುಶನ್ನಿಗೆ ತೊಡಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

“ಅಜ್ಜಿ, ಅವರಿಗೆ ಇದರ ಮೇಲೆ ಒರಗಿದರೆ ಮಾತ್ರ ನಿದ್ದೆ ಬರ್ತಿತ್ತು. ನಿಮ್ಮಿಂದ ಅವರು ನಿದ್ದೆ ಮಾಡಿದರು.”

“ನಿದ್ದೆ ಬಂತಾ ಮಗೂ? ಅಯ್ಯೋ, ನಿದ್ದೆ ಬಂತಾ!” ಅಜ್ಜಿ ಅವಳ ಕೈಯನ್ನು ಬಿಡಲೇ ಇಲ್ಲ.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರದೋ ಡಬ್ಬಿ, ಯಾರದೋ ಕೊಡೆ, ಯಾರದೋ ಪುಸ್ತಕ ಇದೆ. ಅವರು ಕೇಳುತ್ತಿಲ್ಲ. ಕೇಳದಿರುವುದು ಅವರ ದೊಡ್ಡತನ; ನಾವದನ್ನು ಮರೆವು ಅಂದುಕೊಂಡಿದ್ದೇವೆ. ನಾಳೆ ಬೆಳಿಗ್ಗೆ ಒರೆಸಿ ತೆಗೆದುಕೊಂಡು ಹೋಗಿ. ಮಕ್ಕಳ ಕೈಯಲ್ಲಿ ಕಳಿಸಬೇಡಿ, ನೀವೇ ಹೋಗಿ. ಅದರಿಂದ ನಿಮಗೇನು ಉಪಕಾರವಾಯಿತು ಅಂತ ಬಾಯಿಬಿಟ್ಟು ಹೇಳಿ. ಕೇಳಿಸಿಕೊಳ್ಳಲು ಅವರು ಇರುವಾಗಲೇ ಹೇಳಿ.