ಅಜ್ರಾ ಟೇಲರ್ಸ್ ಬೋರ್ಡು

ಗೆದ್ದೇವಿ ಅಂದ್ರ ಯಾಕ ನಗ್ತೀರಿ, ಅಜ್ರಾ ಆಪಾ? ಖರೇನ ಹೇಳಾಕತ್ತೀನಿ! ಊರ ಕೌನ್ಸಿಲಿನ ಬೈಲಾ ಬಿದ್ದುಹೋತು. ಇವತ್ತ ಮುಂಜಾನೆ ಹೈಕೋರ್ಟ್ ರದ್ದು ಮಾಡೇತಿ. ಅಂಗಡಿ ಬೋರ್ಡಿನಾಗ ಇಂಗ್ಲಿಷ್ ಬಿಟ್ಟು ಬ್ಯಾರೆ ಅಕ್ಷರ ಇರಬಾರದು ಅಂತ ಹೋದ ವರ್ಷ ಮಾಡಿದ್ರಲ್ಲ, ಅದ... ಅದ ರೀ!

ಕೂಡ್ತೀನಿ ತಡೀರಿ. ಚಾ ಬ್ಯಾಡ... ಓ, ನೀವು ಕೇಳಲೇ ಇಲ್ಲ. ಇರ್ಲಿ.

ಆ ವಕೀಲೆ ಯಾಮಿನಿ ಅದಾಳಲ್ಲ, ಜಾನ್ಸನ್‌ವಿಲ್ ಬಡಾವಣಿಯಾಕಿ, ಚೀನಾದಾವನ ಕ್ಷೌರದಂಗಡಿ ಪರವಾಗಿ ಅಕೀನ ವಾದ ಮಾಡಿದ್ದು. ಪಾರ್ಲಿಮೆಂಟ್ ಕೊಟ್ಟಷ್ಟೇ ಅಧಿಕಾರ ಕೌನ್ಸಿಲಿಗೆ! ಕಸ, ನಾಯಿ, ಫುಟ್‌ಪಾತು... ಅದಕ್ಕೆಲ್ಲ ಬೈಲಾ ಮಾಡ್ಕೋರಿ. ಮನುಷ್ಯಾ ತನ್ನ ಹೆಸರು ಯಾವ ಅಕ್ಷರದಾಗ ಬರೀಬೇಕಂತ ಹೇಳಾಕ ನೀವ್ಯಾರು? ಈ ನ್ಯೂಜಿಲೆಂಡಿನಾಗ ಹಕ್ಕಿನ ಕಾಯ್ದೆ ಅಂತ ಒಂದೈತಿ, ಆಪಾ!

ಹೊಸ ಬೋರ್ಡು ಬರೀರಿ. 'ಅಜ್ರಾ ಟೇಲರ್ಸ್', ದಪ್ಪ ಕನ್ನಡದಾಗ. ಬಣ್ಣ ನಾ ತರ್ತೀನಿ... ಯಾಕ ತಲೀ ಅಲ್ಲಾಡಸ್ತೀರಿ? ಬೋರ್ಡು ಇಳಿಸಿದ ದಿನ ನೀವು ಅತ್ತದ್ದು ನಂಗ ನೆನಪೈತಿ. 'ನಂಗ ಬರೋ ಅಕ್ಷರ ಇದೊಂದ, ರಿಜ್ವಾನ್' ಅಂದ್ರಿ. ಏಣಿ ಹಿಡಿದಾವ ನಾನ ಅಲ್ಲೇನು? ಕಾನೂನು ಆಪಾ, ಏನೂ ಮಾಡಾಕ ಬರೂದಿಲ್ಲ ಅಂದೆ. ನಂಗಾದ್ರೂ ಏನ್ ಗೊತ್ತಿತ್ತು...

ಹಂಗ ನೋಡಬ್ಯಾಡ್ರಿ.

ಕೌನ್ಸಿಲಿನ ಪತ್ರ ಬಂದಾಗ ಓದಿ ಹೇಳಿದ್ನಲ್ಲ ನಾನು! ಪೂರಾ ಓದಿದ್ದೆ... ಬಹುತೇಕ ಪೂರಾ. ಕಡೀಗೆ ಒಂದು ಸಾಲಿತ್ತು, ತಕರಾರಿದ್ರ ಬರದು ಕಳಸ್ರಿ ಅಂತ. ಅದೊಂದು... ಬಿಟ್ಟೆ. ಸಣ್ಣ ಅಕ್ಷರದಾಗಿತ್ತು.

ಕತ್ತರಿ ಕೆಳಗ ಏನದು ಕಾಗದ? ಯಾಮಿನಿ ಕೊಟ್ಟಳೇನು? ಕೌನ್ಸಿಲಿನವರು ಕೋರ್ಟಿಗೆ ಕೊಟ್ಟ ಕಾಗದದ ನಕಲು... ನಿಮ್ಮ ಮಗಳು ರುಮೈಸಾ ಓದಿ ಹೇಳಿದಳೇನು? ಎಲ್ಲಾನೂ?

ಕೇಳ್ರಿ, ಆಪಾ. ಈ ಅಕ್ಟೋಬರಿನಾಗ, 2007ರ ಇಲೆಕ್ಷನ್ನಿಗೆ ನಿಲ್ಲಬೇಕಂತ ಇದ್ದೆ. ನಮ್ಮ ಮಂದಿಯೊಳಗಿನಾವ ಒಬ್ಬ ಕೌನ್ಸಿಲಿನಾಗ ಇದ್ರ ನಮಗೆಲ್ಲ ಛಲೋ ಅಂತ... ಇವ ಇಲ್ಲಿನ ಬಿಳಿ ಮಂದಿ, ಈ ಕೀವಿಗಳ ಜೋಡಿ ಹೊಂದ್ಕೋತಾನ ಅಂತ ಅವರಿಗೆ ಅನಸಬೇಕಿತ್ತು. ಕೌನ್ಸಿಲಿಗೆ ಬರದು ಕಳಿಸಿದ್ದು ಬರೇ ನಾಲ್ಕು ಸಾಲು! 'ನಮ್ಮ ಮಂದಿಗೂ ಈ ಬೈಲಾ ಒಪ್ಪಿಗಿ ಐತಿ' ಅಂತ...

ಬೈರಿ. ಒಂದ್ ಮಾತು ಬೈರಿ, ಆಪಾ!

ಕಾಗದದ ಮ್ಯಾಲೆ ಅಲ್ಲಿ ಯಾಕ ಬೆರಳಿಡ್ತೀರಿ? ಅದು... ಯಾರಾದ್ರೂ ಒಬ್ಬ ಅಂಗಡಿಯವರ ಹೆಸರು ಬೇಕಾಗಿತ್ತು. ಒಪ್ಪಿದಾರ ಅಂತ ತೋರ್ಸಾಕ.

ಹೂಂ. ನಿಮ್ಮ ಹೆಸರ ಅದು. ನಾನ ಬರದೆ. ಇಂಗ್ಲಿಷಿನಾಗ.