ತಡವಾಗಿ ಬರುತ್ತಿದ್ದವಳು

ಊರಿನ ಕೌನ್ಸಿಲ್ ಕಚೇರಿಯೆದುರಿನ ಬಸ್ ಸ್ಟಾಪಿನಲ್ಲಿ, ಪಕ್ಕದಲ್ಲಿ ಕೂತಿದ್ದ ಮುದುಕನನ್ನು ಅವನ ನೆರೆಮನೆಯಾಕೆ ಬೈಯುತ್ತಿದ್ದುದು ಬಸ್ಸಿಗೆ ಕಾಯುತ್ತಿದ್ದ ಗ್ಲೆನಿಸ್‌ಳ ಕಿವಿಗೆ ಬಿತ್ತು. ಕೇಳಿಸಿಕೊಳ್ಳದೆ ಇರಲು ಅವಳಿಗೂ ಮನಸ್ಸಿರಲಿಲ್ಲ.

"ಅಲ್ಲ ಕ್ಲಿಫರ್ಡ್, ನಿನ್ನ ದೂರು ನಿಜ ಅಂತ ಕೌನ್ಸಿಲ್‌ನವರೇ ಒಪ್ಕೊಂಡ್ರು, ಕ್ಷಮೆನೂ ಕೇಳಿದ್ರು. ಮತ್ಯಾಕೆ ಮುಖ ಊದಿಸ್ಕೊಂಡಿದೀಯ?"

"ಟೆಂಡಾಯಿನ ಬದಲಾಯಿಸಿಬಿಟ್ರು, ಎನಿಡ್."

"ನಿನ್ನ ನೋಡ್ಕೊಳ್ಳೋಕೆ ಕೌನ್ಸಿಲ್‌ನವರು ಕಳಿಸೋಳು ದಿನಾ ತಡ ಮಾಡ್ತಾಳೆ ಅಂತ ಬೊಬ್ಬೆ ಹೊಡೆದೋನು ನೀನೇ ತಾನೆ?"

"ಬೇಗ ಬಂದ್ರೆ ಇನ್ನಷ್ಟು ಹೊತ್ತು ಕೂತಿರ್ತಾಳಲ್ಲ ಅಂತ."

"ಅದನ್ನ ಅವರ ಹತ್ರ ಬಾಯಿಬಿಟ್ಟು ಹೇಳ್ದ್ಯಾ?"

"ಕೌನ್ಸಿಲ್‌ನವರ ಮುಂದೆ ಅದನ್ನೆಲ್ಲ ಹೇಳೋಕಾಗುತ್ತೇನೇ? ನಾಚಿಕೆ ಆಗಲ್ವಾ?"

"ಅಯ್ಯೋ ನಿನ್ನ ನಾಚಿಕೆಗಿಷ್ಟು! ಹೊಸಬಳು ಹೇಗಿದಾಳೆ?"

"ಗಡಿಯಾರ ಇದ್ದ ಹಾಗೆ. ಬರ್ತಾಳೆ, ಮಾತ್ರೆ ನುಂಗಿಸ್ತಾಳೆ, ಒಂದು ಕಪ್ ಟೀ ಮಾಡಿಟ್ಟು ಹೊರಡ್ತಾಳೆ."

"ಟೆಂಡಾಯಿನೂ ಟೀನೇ ತಾನೆ ಮಾಡ್ತಿದ್ದಿದ್ದು?"

"ಅವಳು ಎರಡು ಕಪ್ ಮಾಡೋಳು."

ಅಷ್ಟರಲ್ಲಿ ಅವರ ಬಸ್ಸು ಬಂತು. ಎನಿಡ್ ಅವನ ತೋಳು ಹಿಡಿದು ಎಬ್ಬಿಸಿದಳು.

"ಹಾಗಾದ್ರೆ ಈ ಹೊಸಬಳ ಮೇಲೂ ಒಂದು ದೂರು ಕೊಟ್ಬಿಡು ಮಾರಾಯ."

ಮುದುಕ ಮೆಟ್ಟಿಲ ಮೇಲೆ ಕಾಲಿಟ್ಟು, ಕಚೇರಿಯ ಕಡೆಗೊಮ್ಮೆ ತಿರುಗಿ ನೋಡಿದ.

"ಏನಂತ ಕೊಡ್ಲಿ? ಅವಳದ್ದೊಂದು ತಪ್ಪೂ ಇಲ್ವಲ್ಲೇ."